ಎರಡು ಕಣ್ಣಿಗೊಂದು ಹೋಳು

ಸಾಲಗಾಮೆ ರಸ್ತೆಯ ಬಿಳಿ ಬೋಗುಣಿಗಳು
ಈ ರಾತ್ರಿ ಆಕಾಶಕ್ಕೆ ಬಾಯಿ ತೆರೆದಿವೆ.
ದೊಡ್ಡದು ತಿರುಗುವಾಗ ಕಿರುಗುಟ್ಟುತ್ತಿತ್ತು;
ಧರಣೇಂದ್ರಯ್ಯ ಸಂಜೆಯೇ ಗ್ರೀಸು ಬಳಿದು
ಕೈಯನ್ನು ಪ್ಯಾಂಟಿಗೊರೆಸಿ,
"ಇನ್ನು ಬೆಳಗಿನ ತನಕ ದೂರು ಬೇಡ ಮೇಡಂ" ಅಂದು ಹೋದ.

ನನ್ನದು ಮೂರನೇ ಪಾಳಿ. ಎದುರಿಗೆ ನಾಲ್ಕು ಪರದೆ.
ಒಂದರಲ್ಲಿ ಕಲ್ಲು.

ಹೆಸರಿಲ್ಲದ ಕಲ್ಲು. ಎರಡಕ್ಷರ, ಒಂದು ನಂಬರು,
ಬಸ್ಸಿಗಿರುವ ಹಾಗೆ.
ಸೂರ್ಯನ ಸುತ್ತ ನಮ್ಮ ಓಣಿಯಲ್ಲೇ ಅದರ ಓಡಾಟ,
ಯಾವಾಗಲೋ ಒಮ್ಮೆ ತೀರ ಹತ್ತಿರ ಹಾಯ್ದು
ಏನೂ ಆಗಿಲ್ಲವೆಂಬಂತೆ ಹೋಗುತ್ತದೆ.
ಈಗ ಅದರ ಮಗ್ಗುಲಲ್ಲಿ ನಮ್ಮ ಯಂತ್ರ,
ಎರಡು ವರ್ಷದ ದಾರಿ ಸವೆಸಿದ್ದು.
ಒಂದೇ ತೋಳು. ತುದಿಗೊಂದು ಹಿಡಿಗಾತ್ರದ ಡಬ್ಬಿ.

ಕ್ಯಾಂಟೀನಿನ ಕೆಂಚಮ್ಮ ಒಳಗೆ ಬರುವ ಹಾಗಿಲ್ಲ.
ಚಿತ್ರವನ್ನು ನಾನೇ ಪ್ರಿಂಟು ತೆಗೆದು ಒಯ್ದಿದ್ದೆ.
"ಗಡ್ಡೆ" ಅಂದಳು.
"ಅಲ್ಲ, ಕಲ್ಲು."
"ಗಡ್ಡೆನೇ ಕಣವ್ವ. ಜಲಂಧರದ್ದಲ್ಲ,
ಎಲ್ಲೋ ಬಿಸಿಲಾಗೆ ಬೆಂದೈತೆ.
ನೋಡು, ಮೈಯೆಲ್ಲ ಕಣ್ಣು."

ಮುಂದಿನ ವಾರ ಅವಳು ಕ್ಯಾಂಟೀನಿಗೆ ರಜೆ ಹಾಕಿ
ಬಿತ್ತನೆ ಗಡ್ಡೆ ಕೊಯ್ಯಲು ಸೀಗೆಯ ಕಡೆ ಹೋಗುತ್ತಾಳೆ.
ಹೋಳಿಗೆ ಎರಡು ಕಣ್ಣು ಉಳಿಯಬೇಕು.
ಕಣ್ಣಿನ ಮೇಲೆ ಚಾಕು ಹಾಯಬಾರದು.
ಒಂದನ್ನು ಕೊಯ್ದ ಚಾಕು ಔಷಧಿ ನೀರಿಗದ್ದದೆ
ಇನ್ನೊಂದನ್ನು ಮುಟ್ಟಬಾರದು,
ಒಂದರ ಅಂಗಮಾರಿ ಹೊಲಕ್ಕೆಲ್ಲ.

ಆ ಡಬ್ಬಿಯನ್ನು ನಾವೂ ಹಾಗೇ ತೊಳೆದಿದ್ದೆವು, ಏಳು ಸಲ,
ಮೂಗು ಬಾಯಿ ಮುಚ್ಚಿಕೊಂಡು,
ನಮ್ಮ ಉಸಿರಿನದೇನೂ ಅಲ್ಲಿಗೆ ಅಂಟದಿರಲೆಂದು.
ಅವಳಿಗೆ ಹೇಳಿದೆ. "ಮತ್ತೆ?" ಅಂದಳು,
ತೊಳೆಯದೆ ಯಾರು ಕೊಯ್ಯುತ್ತಾರೆ ಎಂಬಂತೆ.

ಇಳಿಯಲು ಆರು ಜಾಗ ಗುರುತಾಗಿವೆ, ಆರೂ ಕಷ್ಟದವು.
ಒಂದೇ ಕಲ್ಲೂ ಅಲ್ಲವಂತೆ ಅದು:
ಎಂದೋ ಒಡೆದು, ಚೂರುಗಳೆಲ್ಲ ಮತ್ತೆ
ಒಂದಕ್ಕೊಂದು ಒರಗಿಕೊಂಡ ರಾಶಿ.
ಹಿಡಿದಿಟ್ಟ ಬಲ ಎಷ್ಟೆಂದರೆ, ನನ್ನ ಮಗಳು
ಅಲ್ಲಿ ಕುಂಟೆಬಿಲ್ಲೆ ಆಡಿದರೆ
ಮೂರನೇ ಮನೆಗೆ ಬರುವುದೇ ಇಲ್ಲ.

ಎರಡು ಹನ್ನೊಂದು. ಮುಟ್ಟು ಎಂದು ಕಳಿಸಿದೆ.

ಹೋಗಲು ಹದಿನಾಲ್ಕು ನಿಮಿಷ, ಬರಲು ಹದಿನಾಲ್ಕು.
ಬೆಳಕೂ ನಡೆದೇ ಹೋಗಬೇಕಾದ ದೂರ.
ನಡುವೆ ನಾನು ಯಾರೂ ಅಲ್ಲ.
ತಸ್ಲೀಮಾ ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಳು.
ಹೊರಗೆ ಗಡ್ಡೆ ತುಂಬಿದ ಲಾರಿಯೊಂದು ಗೇರು ಬದಲಿಸಿತು,
ಪಂಜಾಬಿನಿಂದ ಎಷ್ಟು ದಿನವಾಯಿತೋ.
ಅದಕ್ಕೂ ಯಾರೋ ಮಂಡಿಯಲ್ಲಿ ಕಾಯುತ್ತಿರಬೇಕು,
ಬೀಡಿ ಹಚ್ಚಿಕೊಂಡು.

ಎರಡು ಐವತ್ತೆರಡಕ್ಕೆ ಸಾಲುಗಳು ಇಳಿದವು.
ಮುಟ್ಟಲಿಲ್ಲ.
ಇನ್ನು ಹನ್ನೊಂದು ಮೀಟರು ಇರುವಾಗ
ತನ್ನ ನಕ್ಷೆಯಲ್ಲಿಲ್ಲದ ನೆರಳೊಂದನ್ನು ಕಂಡು
ತಾನಾಗಿ ಹಿಂದೆ ಸರಿದಿದೆ. ಯಾರನ್ನೂ ಕೇಳಿಲ್ಲ;
ಕೇಳಿದ್ದರೆ ನಮ್ಮ ಉತ್ತರ ತಲುಪುವ ಹೊತ್ತಿಗೆ
ಕೇಳಲು ಅದೇ ಇರುತ್ತಿರಲಿಲ್ಲ.
ಫೋನಿನ ಆಚೆ ಯಾರೋ ಥತ್ ಅಂದರು.
ನಾನು ಪುಸ್ತಕದಲ್ಲಿ ಬರೆದೆ: ಸ್ಪರ್ಶವಿಲ್ಲ. ಯಂತ್ರ ಕ್ಷೇಮ.
ಬರೆದು, ಎರಡನೆಯದರ ಕೆಳಗೆ ಗೆರೆ ಎಳೆದೆ,
ನಿಯಮದಲ್ಲಿ ಇಲ್ಲದಿದ್ದರೂ.

ಆರಕ್ಕೆ ಕೆಂಚಮ್ಮ ಬಾಗಿಲು ತೆರೆದಳು.
"ಕುಯ್ತಾ?"
"ಇಲ್ಲ. ಅನುಮಾನ ಬಂತಂತೆ ಅದಕ್ಕೆ."
"ಒಳ್ಳೇದಾತು ಬಿಡು. ಅನುಮಾನದ ಗಡ್ಡೆ ಪಕ್ಕಕ್ಕಿಡಾದು."
ಆಮೇಲೆ, ಹಾಲು ಉಕ್ಕುವುದರೊಳಗೆ,
ಚಿತ್ರದ ಮೇಲೆ ಒಂದು ಕಡೆ ಉಗುರು ಒತ್ತಿ, "ಇಲ್ಲಿ" ಅಂದಳು.

ಆರರಲ್ಲಿ ಅದಿಲ್ಲ. ಹತ್ತು ಗಂಟೆಗೆ ಸಭೆ.
ಹೇಳುತ್ತೇನೋ ಇಲ್ಲವೋ ಗೊತ್ತಿಲ್ಲ.
ಚಹಾದ ಕಲೆಯಾದ ಹಾಳೆಯನ್ನು
ಅರ್ಧಚಂದ್ರದ ಆ ಉಗುರ ಗುರುತಿನ ಮೇಲೆ
ಮಡಿಕೆ ಹಾಯದ ಹಾಗೆ
ಮಡಚಿ ಚೀಲಕ್ಕಿಟ್ಟುಕೊಂಡೆ.